ಕೋರ್ಟ್ ಆದೇಶ ಇದ್ದರೂ ಮೊಮ್ಮಗಳನ್ನು ತೋರಿಸುತ್ತಿಲ್ಲ, ಮುಂದೇನು ಮಾಡುವುದು?

ಹಳೆಗಡಿಯಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಹೇಳದಿದ್ದರೆ ವಿಷಯ ಅರ್ಥ ಆಗುವುದಿಲ್ಲ.

ಮಗ ತೀರಿಕೊಂಡು ಮೂರು ವರ್ಷ ಆಯಿತು. ಅವನಿಗೆ ಒಬ್ಬಳೇ ಮಗಳು, ಈಗ ಏಳು ವರ್ಷ. ಅವನು ಇದ್ದಾಗ ವಾರಕ್ಕೆ ಎರಡು ಮೂರು ದಿನ ನಮ್ಮ ಮಡಿಲಲ್ಲೇ ಬೆಳೆದ ಮಗು. ಅವನು ಹೋದ ಮೇಲೂ ಸೊಸೆ ಕೆಲವು ತಿಂಗಳು ಕರೆದುಕೊಂಡು ಬರುತ್ತಿದ್ದಳು. ಆಮೇಲೆ ಅವನ ಹೆಸರಲ್ಲಿದ್ದ ದುಡ್ಡಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ತಪ್ಪು ನಮ್ಮ ಕಡೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬರುವುದು ಕಮ್ಮಿ ಆಗುತ್ತಾ ಆಗುತ್ತಾ ನಿಂತೇ ಹೋಯಿತು. ಬೇರೆ ದಾರಿ ಕಾಣದೆ ಕೋರ್ಟಿಗೆ ಹೋದೆವು. ಒಂದೂವರೆ ವರ್ಷ ಅಲೆದ ಮೇಲೆ ಆದೇಶ ಸಿಕ್ಕಿತು: ತಿಂಗಳಿಗೆ ಎರಡು ಭಾನುವಾರ ಬೆಳಗ್ಗೆ 10ರಿಂದ ಸಂಜೆ 5ರ ತನಕ ಮಗು ನಮ್ಮ ಜೊತೆ, ಪ್ರತಿ ಬುಧವಾರ ಸಂಜೆ ಅರ್ಧ ಗಂಟೆ ವಿಡಿಯೊ ಕಾಲ್.

ಮೊದಲ ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಆಮೇಲಿನ ಐದು ತಿಂಗಳಲ್ಲಿ ಸಿಗಬೇಕಾಗಿದ್ದ ಹತ್ತು ಭಾನುವಾರಗಳಲ್ಲಿ ಸಿಕ್ಕಿದ್ದು ಮೂರು. ಒಂದು ಸಲ ಜ್ವರ, ಒಂದು ಸಲ ಪರೀಕ್ಷೆ, ಒಂದು ಸಲ ಗೆಳತಿಯ ಹುಟ್ಟುಹಬ್ಬ. ಈಗ ಎರಡು ಸಲದಿಂದ "ಅವಳಿಗೇ ಬರಲು ಇಷ್ಟವಿಲ್ಲ" ಎನ್ನುವ ಒಂದೇ ಮಾತು. ವಿಡಿಯೊ ಕಾಲ್ ಎತ್ತುತ್ತಾರೆ, ಆದರೆ ಫೋನನ್ನು ಮಂಚದ ಮೇಲೆ ಅಂಗಾತ ಇಟ್ಟಿರುತ್ತಾರೆ. ನಮಗೆ ಕಾಣುವುದು ತಿರುಗುವ ಫ್ಯಾನು ಮಾತ್ರ. ಎಲ್ಲೋ ದೂರದಲ್ಲಿ ಮಗುವಿನ ಧ್ವನಿ ಕೇಳುತ್ತದೆ, ನಾವು ಹೆಸರು ಹಿಡಿದು ಕೂಗುತ್ತೇವೆ, ಒಂದು ನಿಮಿಷ ಆಗುವುದರೊಳಗೆ ಕಟ್.

ಕಳೆದ ಭಾನುವಾರ ಅವರ ಗೇಟಿನ ಮುಂದೆ 10 ಗಂಟೆಯಿಂದ ಹನ್ನೊಂದು ಕಾಲರ ತನಕ ನಿಂತಿದ್ದೆವು. ನನ್ನ ಹೆಂಡತಿಯ ಕೈಯಲ್ಲಿ ಬಣ್ಣದ ಪೆನ್ಸಿಲ್ ಡಬ್ಬಿ ಇತ್ತು, ಹೋದ ಸಲ ಮಗುವೇ ಕೇಳಿದ್ದು. ಮೇಲಿನ ಕಿಟಕಿಯ ಪರದೆ ಒಂದು ಸಲ ಅಲ್ಲಾಡಿತು. ಬಾಗಿಲು ಮಾತ್ರ ತೆಗೆಯಲಿಲ್ಲ. ನಾನು ಮತ್ತೊಮ್ಮೆ ಬೆಲ್ ಒತ್ತಲು ಹೋದಾಗ ಇವಳು ಕೈ ಹಿಡಿದುಕೊಂಡಳು, "ಬೇಡ ಬನ್ನಿ, ಮಗು ನೋಡುತ್ತಿದೆ" ಅಂದಳು.

ನಂಟರೆಲ್ಲ ನ್ಯಾಯಾಂಗ ನಿಂದನೆ (ಕಂಟೆಂಪ್ಟ್) ಕೇಸ್ ಹಾಕಿ, ಒಂದು ದಿನ ಒಳಗೆ ಕೂತರೆ ತಾನೇ ದಾರಿಗೆ ಬರುತ್ತಾಳೆ ಅನ್ನುತ್ತಾರೆ. ನನ್ನ ಹೆಂಡತಿಗೆ ಅದು ಬೇಡ. ಅವಳು ಜೈಲಿಗೆ ಹೋದರೆ ಆ ಮಗುವಿಗೆ ಇರುವವರು ಯಾರು ಅನ್ನುತ್ತಾಳೆ. ಪೊಲೀಸರ ಹತ್ತಿರ ಹೋಗಬಹುದಾ? ಕಂಟೆಂಪ್ಟ್ ಬಿಟ್ಟು ಬೇರೆ ದಾರಿ ಇದೆಯಾ? ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ. ನನಗೆ ಎಪ್ಪತ್ತೊಂದು. ಇನ್ನೊಂದು ಒಂದೂವರೆ ವರ್ಷ ಕಾಯಲು ಆಗುವುದಿಲ್ಲ.

ಎರಡುಜಡೆ:

ಅಣ್ಣ, ಆ ಫ್ಯಾನಿನ ಮಾತು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನಮಗೆ ಫ್ಯಾನಿನ ಬದಲು ಗೋಡೆ ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ. ನಾನು ನನ್ನ ಮಗಳ ಮಗನಿಗಾಗಿ ನಾಲ್ಕು ವರ್ಷ ಇದರಲ್ಲಿ ಇದ್ದೆ. ಕಾನೂನು ತಿಳಿದವರು ಕಾನೂನು ಹೇಳಲಿ. ನಾನು ನಾಳೆ ಬೆಳಗ್ಗೆಯಿಂದ ಏನು ಮಾಡಬೇಕು ಅಂತ ಹೇಳುತ್ತೇನೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಪ್ಪ ರಟ್ಟಿನದು, ಹಾಳೆ ಕೀಳಲು ಬಾರದ್ದು. ಭೇಟಿಯ ದಿನ ಬಂದಾಗಲೆಲ್ಲ ತಾರೀಖು ಹಾಕಿ, ಎಷ್ಟು ಗಂಟೆಗೆ ಹೋದಿರಿ, ಯಾರು ಬಾಗಿಲು ತೆಗೆದರು, ಏನು ಹೇಳಿದರು, ಎಷ್ಟು ಹೊತ್ತು ಕಾದಿರಿ, ಇಷ್ಟನ್ನೇ ಅದೇ ದಿನ ಬರೆಯಿರಿ. ಹೊಟ್ಟೆಕಿಚ್ಚು, ಶಾಪ, ಅಳು ಏನೂ ಅದರೊಳಗೆ ಬೇಡ. ಅವರು ಹೇಳಿದ ಕಾರಣ ಇದ್ದರೆ ಅವರ ಮಾತಿನಲ್ಲೇ ಬರೆಯಿರಿ. ಸರಿಯಾಗಿ ನಡೆದ ಭೇಟಿಯನ್ನೂ ಬರೆಯಿರಿ, ಅದು ಬಹಳ ಮುಖ್ಯ. ಬರೀ ಅವರ ತಪ್ಪು ಮಾತ್ರ ಬರೆದ ಪುಸ್ತಕವನ್ನು ಜಡ್ಜ್ ಬೇರೆಯದೇ ಕಣ್ಣಿನಿಂದ ನೋಡುತ್ತಾರೆ. ನನ್ನ ಪುಸ್ತಕದಲ್ಲಿ "ಇವತ್ತು ಹತ್ತು ನಿಮಿಷ ಮೊದಲೇ ಕಳಿಸಿದರು, ಊಟದ ಡಬ್ಬಿಯನ್ನೂ ಕೊಟ್ಟಿದ್ದರು" ಅಂತ ಒಂದು ಸಾಲಿತ್ತು. ವಿಚಾರಣೆಯಲ್ಲಿ ಅದನ್ನು ಓದಿದ ಮೇಲೆ ಉಳಿದ ಸಾಲುಗಳಿಗೂ ಬೆಲೆ ಬಂತು.

ಪ್ರತಿ ಶುಕ್ರವಾರ ಒಂದು ಮೆಸೇಜ್ ಕಳಿಸಿ. "ಆದೇಶದಂತೆ ಭಾನುವಾರ 10 ಗಂಟೆಗೆ ಬರುತ್ತೇವೆ, ಏನಾದರೂ ತೊಂದರೆ ಇದ್ದರೆ ತಿಳಿಸಿ, ಬದಲು ದಿನ ಹೇಳಿ." ಇಷ್ಟೇ. ಉತ್ತರ ಬರದಿದ್ದರೂ ಕಳಿಸಿ. ಕಳಿಸುವುದಿಲ್ಲ ಅಂತ ಗೊತ್ತಿದ್ದರೂ ಹೋಗಿ. ಒಂದು ಸಲ ನೀವು ಹೋಗದಿದ್ದರೆ "ಅವರೇ ಬರಲಿಲ್ಲ" ಅನ್ನುವ ಮಾತು ಹುಟ್ಟುತ್ತದೆ, ಆಮೇಲೆ ಅದನ್ನು ತೊಳೆಯುವುದು ಕಷ್ಟ.

ನನ್ನದೊಂದು ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಒಂದು ರಾತ್ರಿ ನಿದ್ದೆ ಬರದೆ ಒಂದು ಗಂಟೆಗೆ ಅಳಿಯನಿಗೆ ಉದ್ದದ ಮೆಸೇಜ್ ಬರೆದೆ. ನನ್ನ ಮಗಳನ್ನು ಕಳೆದುಕೊಂಡ ಸಂಕಟವೆಲ್ಲ ಅದರಲ್ಲಿ ಹರಿದು ಬಂತು, ಆಡಬಾರದ್ದನ್ನೂ ಆಡಿದೆ. ಮೂರು ತಿಂಗಳ ಮೇಲೆ ಅವರ ವಕೀಲರು ಅದನ್ನು ತುಂಬಿದ ಕೋರ್ಟಿನಲ್ಲಿ ನಿಧಾನವಾಗಿ, ಒಂದೊಂದೇ ಸಾಲು ಓದಿದರು. ಅಂಥ ಅಜ್ಜಿಯ ಹತ್ತಿರ ಮಗುವನ್ನು ಹೇಗೆ ಕಳಿಸುವುದು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಮಾತು. ಮಗುವಿನ ಫೀಸಿಗೋ ಬೇರೆ ಖರ್ಚಿಗೋ ಏನಾದರೂ ಕೊಡುತ್ತಿದ್ದರೆ ಸಿಟ್ಟಿಗೆ ನಿಲ್ಲಿಸಬೇಡಿ. ಮಗು ಸಿಕ್ಕಾಗ "ಅಮ್ಮ ಯಾಕೆ ಕಳಿಸಲ್ಲ" ಅಂತ ಕೇಳಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಅದು ಕೋರ್ಟಿನಲ್ಲಿ ನಿಮಗೇ ತಿರುಗಿ ಹೊಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಏಳು ವರ್ಷದ ಮಗುವಿಗೆ ತಾನು ಸಾಕ್ಷಿ ಹೇಳುತ್ತಿದ್ದೇನೆ ಅಂತ ಗೊತ್ತಾಗಿಬಿಡುತ್ತದೆ.

ಕಪ್ಪುಕೋಟು:

ನಾನು ಫ್ಯಾಮಿಲಿ ಕೇಸುಗಳನ್ನೇ ನಡೆಸುವ ವಕೀಲ. ಎರಡುಜಡೆ ಅಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಬದಲಿಸುವಂತಿಲ್ಲ.

ಮೊದಲು ಆದೇಶದ ಸರ್ಟಿಫೈಡ್ ಕಾಪಿ ತೆಗೆದು ಮತ್ತೆ ಓದಿ. "ತಿಂಗಳಿಗೆ ಎರಡು ಭಾನುವಾರ" ಅಂತ ಮಾತ್ರ ಇದೆಯಾ, ಇಲ್ಲ "ಮೊದಲ ಮತ್ತು ಮೂರನೇ ಭಾನುವಾರ" ಅಂತ ಇದೆಯಾ? ಯಾರು ಕರೆತರಬೇಕು, ಎಲ್ಲಿ ಒಪ್ಪಿಸಬೇಕು, ಮಗುವಿಗೆ ಹುಷಾರಿಲ್ಲದಿದ್ದರೆ ಬದಲು ದಿನ ಯಾವುದು, ಇದೆಲ್ಲ ಬರೆದಿದೆಯಾ? ನನ್ನ ಹತ್ತಿರ ಬರುವ ಹತ್ತು ಜಗಳಗಳಲ್ಲಿ ಜಾಸ್ತಿ ಪಾಲು ಹುಟ್ಟುವುದು ಆದೇಶದಲ್ಲಿ ಬಿಟ್ಟುಹೋದ ಸಾಲಿನಿಂದ. ಮಸುಕಾಗಿ ಬರೆದ ಆದೇಶವನ್ನು ಮೀರಿದರು ಅಂತ ಸಾಬೀತು ಮಾಡುವುದೇ ಕಷ್ಟ. ಹಾಗಿದ್ದರೆ ಶಿಕ್ಷೆ ಕೇಳುವ ಮೊದಲು ಆದೇಶವನ್ನು ಸ್ಪಷ್ಟ ಮಾಡಿಕೊಡಿ ಅಂತ ಅರ್ಜಿ ಹಾಕಬೇಕು. ಇದು ಚಿಕ್ಕ ಅರ್ಜಿ, ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ಎದುರಿನವರಿಗೂ ಮುಖಭಂಗ ಆಗುವುದಿಲ್ಲ.

ಅದರ ಜೊತೆಗೇ ತಪ್ಪಿಹೋದ ಏಳು ದಿನಗಳಿಗೆ ಬದಲು ದಿನ ಕೊಡಿಸಿ ಅಂತ ಕೇಳಿ. ನಿಮಗೆ ಬೇಕಾಗಿರುವುದು ಮಗುವಿನ ಜೊತೆಯ ಹೊತ್ತು ಅಲ್ವಾ? ಕೋರ್ಟ್ ಸುಲಭವಾಗಿ ಕೊಡುವುದೂ ಅದನ್ನೇ.

ಪೊಲೀಸರ ಬಗ್ಗೆ ಕೇಳಿದ್ದೀರಿ. ಭೇಟಿ ಆದೇಶ ಸಿವಿಲ್ ವಿಷಯ. ಆದೇಶದಲ್ಲೇ ಪೊಲೀಸ್ ನೆರವು ಕೊಡಿ ಅಂತ ಬರೆದಿಲ್ಲದಿದ್ದರೆ ಸಾಮಾನ್ಯವಾಗಿ ಅವರು ಬಂದು ಮಗುವನ್ನು ಕೊಡಿಸುವುದಿಲ್ಲ. ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಅದು ಬೇರೆ ಮಾತು, ಆಗ ಒಂದು ಕ್ಷಣವೂ ಕಾಯಬೇಡಿ. ಬರೀ ಭೇಟಿಗಾಗಿ ಗೇಟಿನ ಮುಂದೆ ಖಾಕಿ ಬಟ್ಟೆಯವರನ್ನು ನಿಲ್ಲಿಸಿದರೆ ಆ ಮಗು ಅದನ್ನು ಎಷ್ಟು ವರ್ಷ ನೆನಪಿಡುತ್ತದೆ ಯೋಚಿಸಿ.

ಈಗ ಕಂಟೆಂಪ್ಟ್. ಇಂಥ ಕೇಸಿನಲ್ಲಿ ಕೋರ್ಟ್ ಹೆಚ್ಚು ಕಮ್ಮಿ ಮೂರು ವಿಷಯ ನೋಡುತ್ತದೆ. ಆದೇಶ ಸ್ಪಷ್ಟವಾಗಿತ್ತಾ, ಅದು ಅವರಿಗೆ ಗೊತ್ತಿತ್ತಾ, ಪಾಲಿಸಲು ಆಗುತ್ತಿದ್ದರೂ ಬೇಕೆಂದೇ ಪಾಲಿಸಲಿಲ್ಲವಾ. ಒಂದು ಜ್ವರ, ಒಂದು ಪರೀಕ್ಷೆ ಇದರೊಳಗೆ ಬರುವುದಿಲ್ಲ. ಹತ್ತರಲ್ಲಿ ಏಳು ತಪ್ಪಿದ್ದು, ಬದಲು ದಿನ ಕೇಳಿದರೂ ಕೊಡದಿದ್ದದ್ದು, ಇದು ಬರುತ್ತದೆ. ಅದಕ್ಕೇ ಆ ಶುಕ್ರವಾರದ ಮೆಸೇಜ್ ಬಂಗಾರ.

ಇಲ್ಲಿ ಓದುವವರು ಬೇರೆ ಬೇರೆ ದೇಶಗಳಲ್ಲಿ ಇದ್ದಾರೆ, ಹಾಗಾಗಿ ನನಗೆ ತಿಳಿದಿರುವ ನಾಲ್ಕು ಕಡೆಯದನ್ನು ಹೇಳುತ್ತೇನೆ. ಭಾರತದಲ್ಲಿ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಗುವಿನ ಭೇಟಿ ಫ್ಯಾಮಿಲಿ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ, 18ನೇ ಸೆಕ್ಷನ್ ಪ್ರಕಾರ ಅದರ ಆದೇಶವನ್ನು ಸಿವಿಲ್ ಆದೇಶದ ಹಾಗೇ ಜಾರಿ ಮಾಡಿಸಬಹುದು. ಇದಕ್ಕೆ ಎಕ್ಸಿಕ್ಯೂಷನ್ ಅರ್ಜಿ ಅನ್ನುತ್ತೇವೆ. ಬೇಕೆಂದೇ ಪಾಲಿಸದವರ ಆಸ್ತಿ ಜಪ್ತಿ, ಸಿವಿಲ್ ಜೈಲು, ಎರಡಕ್ಕೂ ಅಲ್ಲಿ ಅವಕಾಶ ಇದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಆರು ತಿಂಗಳ ತನಕ ಜೈಲು, 2000 ರೂಪಾಯಿ ತನಕ ದಂಡ. ಕೆಳಗಿನ ಕೋರ್ಟಿನ ಆದೇಶ ಮೀರಿದ್ದಕ್ಕೂ ಅದು ನಡೆಯುವುದು ಹೈಕೋರ್ಟಿನಲ್ಲಿ. ಒಂದು ವರ್ಷದೊಳಗೆ ಹೋಗಬೇಕು, ಇದನ್ನು ಮರೆತು ಕೂತವರು ಬಹಳ ಜನ. ಎಕ್ಸಿಕ್ಯೂಷನ್ ದಾರಿ ಇರುವಾಗ ನೇರ ಹೈಕೋರ್ಟಿಗೆ ಹೋದರೆ, ಮೊದಲು ಅಲ್ಲಿಗೆ ಹೋಗಿ ಬನ್ನಿ ಅಂತ ವಾಪಸ್ ಕಳಿಸುವುದೂ ಉಂಟು. ಇನ್ನು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ, ಮಧ್ಯಂತರ ಆದೇಶದ (ಕೇಸ್ ಮುಗಿಯುವ ಮೊದಲೇ ಕೊಡುವ ಆದೇಶ) ಪ್ರಕಾರ ಮಗುವನ್ನು ಹಾಜರು ಮಾಡದಿದ್ದರೆ ಇವತ್ತಿಗೂ ದಂಡ 100 ರೂಪಾಯಿ ತನಕ, ಆಮೇಲೆ ದಿನಕ್ಕೆ 10, ಒಟ್ಟು 500 ಮೀರುವಂತಿಲ್ಲ. ದಂಡ ಕೇಳಿ ಇಷ್ಟೇನಾ ಅನ್ನಬೇಡಿ. ಮಗುವನ್ನು ತರುತ್ತೇನೆ ಅಂತ ಬರೆದುಕೊಡುವ ತನಕ ಸಿವಿಲ್ ಜೈಲಿನಲ್ಲಿ ಇಡುವ ಅಧಿಕಾರವೂ ಅದೇ ಕಾಯ್ದೆಯಲ್ಲಿದೆ.

ಇಂಗ್ಲೆಂಡಿನಲ್ಲಿ ಅಜ್ಜ ಅಜ್ಜಿ ಅರ್ಜಿ ಹಾಕಲು ಸಾಮಾನ್ಯವಾಗಿ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು. ಆದೇಶ ಸಿಕ್ಕಿದ ಮೇಲೆ ಅದನ್ನು ಮೀರಿದವರಿಗೆ, ಸರಿಯಾದ ಕಾರಣ ಇಲ್ಲದಿದ್ದರೆ, 200 ಗಂಟೆ ತನಕ ಸಂಬಳವಿಲ್ಲದ ಕೆಲಸ ಮಾಡಿ ಅಂತ ಕೋರ್ಟ್ ಹೇಳಬಹುದು. ಭೇಟಿಗಾಗಿ ಮಾಡಿದ ಖರ್ಚು ನಷ್ಟ ಆಗಿದ್ದರೆ ಅದನ್ನೂ ಕೊಡಿಸಬಹುದು. ಫ್ರಾನ್ಸಿನಲ್ಲಿ ಅಜ್ಜ ಅಜ್ಜಿಯ ಜೊತೆ ಸಂಬಂಧ ಇಟ್ಟುಕೊಳ್ಳುವುದನ್ನು ಮಗುವಿನ ಹಕ್ಕು ಅಂತಲೇ ಸಿವಿಲ್ ಸಂಹಿತೆಯ 371-4ನೇ ವಿಧಿಯಲ್ಲಿ ಬರೆದಿದ್ದಾರೆ. ನನಗೆ ಬಹಳ ಇಷ್ಟವಾದ ಸಾಲು ಅದು. ಹಕ್ಕು ದೊಡ್ಡವರದಲ್ಲ, ಮಗುವಿನದು. ಭೇಟಿಗೆ ಹಕ್ಕಿರುವವರಿಗೆ ಮಗುವನ್ನು ಒಪ್ಪಿಸದಿರುವುದು ಅಲ್ಲಿ ಅಪರಾಧ, ಒಂದು ವರ್ಷ ಜೈಲು ಮತ್ತು 15,000 ಯೂರೊ ದಂಡದ ತನಕ ಹೋಗುತ್ತದೆ.

ಅಮೆರಿಕದಲ್ಲಿ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. 2000ದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಟ್ರಾಕ್ಸೆಲ್ ವಿರುದ್ಧ ಗ್ರ್ಯಾನ್‌ವಿಲ್ ಕೇಸಿನಲ್ಲಿ, ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿರುವ ತಂದೆ ತಾಯಿಯ ತೀರ್ಮಾನಕ್ಕೆ ವಿಶೇಷ ತೂಕ ಕೊಡಬೇಕು ಅಂದಿತು. ಅದೂ ನಿಮ್ಮ ಹಾಗೇ ಮಗನನ್ನು ಕಳೆದುಕೊಂಡ ಅಜ್ಜ ಅಜ್ಜಿಯ ಕೇಸು. ಹಾಗಾಗಿ ಅಲ್ಲಿ ಆದೇಶ ಸಿಗುವುದೇ ಕಷ್ಟ. ಸಿಕ್ಕ ಮೇಲೆ ಅದು ಉಳಿದ ಆದೇಶಗಳಷ್ಟೇ ಗಟ್ಟಿ. ಸೊಸೆ ಮಗುವನ್ನು ಕರೆದುಕೊಂಡು ಬೇರೆ ರಾಜ್ಯಕ್ಕೆ ಹೋದರೂ ಬಿದ್ದುಹೋಗುವುದಿಲ್ಲ, ಅಲ್ಲಿನ ಕೋರ್ಟಿನಲ್ಲಿ ದಾಖಲಿಸಿ ಜಾರಿ ಮಾಡಿಸಬಹುದು. 1998ರಲ್ಲಿ ಕೇಂದ್ರದ ಕಾನೂನಿಗೆ ತಿದ್ದುಪಡಿ ತಂದು ಅಜ್ಜ ಅಜ್ಜಿಯ ಭೇಟಿ ಆದೇಶವನ್ನೂ ಅದರೊಳಗೆ ಸೇರಿಸಿದ್ದಾರೆ.

ಕಲ್ಲುಬೆಂಚು:

ವಕೀಲರ ಮಾತಿಗೆ ಗೌರವ ಇದೆ ಸರ್, ಆದರೂ ನನ್ನ ಅನುಭವ ಸ್ವಲ್ಪ ಬೇರೆ. ನಾವೂ ಮೆತ್ತಗೆ ಹೋಗೋಣ, ಇನ್ನೊಂದು ತಿಂಗಳು ನೋಡೋಣ ಅಂತ ಕೂತೆವು. ಎರಡು ವರ್ಷ ಕಳೆಯಿತು. ಮೊಮ್ಮಗನಿಗೆ ನಾಲ್ಕು ಇದ್ದದ್ದು ಆರಾಯಿತು. ನಮಗೆ ಎರಡು ವರ್ಷ ಅಂದರೆ ಎರಡು ವರ್ಷ, ಆ ಮಗುವಿಗೆ ಅದು ಬದುಕಿನ ಮೂರನೇ ಒಂದು ಪಾಲು. ಮೊದಲ ಸಲ ಸಿಕ್ಕಾಗ ನನ್ನನ್ನು "ಅಂಕಲ್" ಅಂತ ಕರೆದ. ಅವನ ತಪ್ಪಲ್ಲ.

ಕೊನೆಗೆ ಕಂಟೆಂಪ್ಟ್ ಅರ್ಜಿಯನ್ನೇ ಹಾಕಿದೆವು. ಯಾರೂ ಜೈಲಿಗೆ ಹೋಗಲಿಲ್ಲ. ನೋಟಿಸ್ ಹೋದ ಎರಡನೇ ವಾರಕ್ಕೇ ಅವರ ವಕೀಲರಿಂದ ಫೋನ್ ಬಂತು. ಜಡ್ಜ್ ಒಂದೇ ಮಾತು ಕೇಳಿದರು, "ಆದೇಶ ಇಷ್ಟವಿಲ್ಲದಿದ್ದರೆ ಬದಲಿಸಿ ಅಂತ ನನ್ನ ಹತ್ತಿರ ಬರಬೇಕಿತ್ತು, ಬಂದಿದ್ದೀರಾ?" ಅಷ್ಟೇ ಸಾಕಾಯಿತು. ಆದೇಶ ಒಪ್ಪದವರಿಗೂ ದಾರಿ ಇದೆ, ಮೇಲ್ಮನವಿ ಹಾಕಬಹುದು, ಬದಲಿಸಿ ಅಂತ ಕೇಳಬಹುದು. ಅದು ಬಿಟ್ಟು ಸುಮ್ನೆ ಬಾಗಿಲು ಹಾಕಿಕೊಂಡು ಕೂರುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ತಡ ಮಾಡಬೇಡಿ. ಯಾವ ಅರ್ಜಿ ಅನ್ನುವುದನ್ನು ನಿಮ್ಮ ವಕೀಲರ ಜೊತೆ ತೀರ್ಮಾನಿಸಿ, ಆದರೆ ಈ ತಿಂಗಳೇ ಹಾಕಿ.

"ಮಗುವಿಗೆ ಇಷ್ಟವಿಲ್ಲ" ಅನ್ನುವ ಮಾತಿನ ಬಗ್ಗೆಯೂ ಹೇಳುತ್ತೇನೆ. ಅದು ಸುಳ್ಳೇ ಇರಬೇಕು ಅಂತಿಲ್ಲ. ನಮ್ಮವನು ನಿಜಕ್ಕೂ ಬರಲು ಹೆದರುತ್ತಿದ್ದ. ಕೋರ್ಟ್ ಮಕ್ಕಳ ಕೌನ್ಸೆಲರ್ ಒಬ್ಬರನ್ನು ನೇಮಿಸಿತು. ಮೊದಲ ನಾಲ್ಕು ಭೇಟಿ ಅವರ ಎದುರಿಗೇ, ಒಂದೊಂದು ಗಂಟೆ. ನನಗೆ ಅವಮಾನ ಅನ್ನಿಸಿತ್ತು, ನನ್ನ ಮೊಮ್ಮಗನ ಜೊತೆ ಕೂರಲು ಇನ್ನೊಬ್ಬರ ಕಾವಲಾ ಅಂತ. ಆದರೆ ಎರಡನೇ ಭೇಟಿಯಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಅವನನ್ನು ನೋಡಿದ ಕೂಡಲೇ ಅಪ್ಪಿಕೊಂಡು ಅಳುತ್ತೀರಿ, ಅವನಿಗೆ ಗಾಬರಿ ಆಗುತ್ತದೆ. ಸುಮ್ಮನೆ ಪಕ್ಕದಲ್ಲಿ ಕೂತು ಏನಾದರೂ ಮಾಡುತ್ತಿರಿ, ಅವನೇ ಬರುತ್ತಾನೆ" ಅಂದರು. ಮೂರನೇ ಸಲ ನಾನು ಕಾಗದದ ದೋಣಿ ಮಡಚುತ್ತಾ ಕೂತೆ. ಐದನೇ ದೋಣಿಗೆ ಬಂದು ಪಕ್ಕ ನಿಂತ. ಏಳನೆಯದಕ್ಕೆ "ಇದು ಸೊಟ್ಟ ಆಯ್ತು" ಅಂತ ಕೈಯಿಂದ ಕಿತ್ತುಕೊಂಡ.

ಸಂಜೆಮಲ್ಲಿಗೆ:

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಆ ಪರದೆಯ ಹಿಂದೆ ನಿಂತಿದ್ದವಳು. ನಿಮ್ಮ ಸೊಸೆ ಅಲ್ಲ, ಆದರೆ ಹೀಗೆಯೇ ಗಂಡನನ್ನು ಕಳೆದುಕೊಂಡವಳು, ಆದೇಶ ಇದ್ದರೂ ಅತ್ತೆ ಮಾವನಿಗೆ ಮಗುವನ್ನು ಕಳಿಸದೆ ಇದ್ದವಳು. ಮಾಡಿದ್ದು ತಪ್ಪು, ಅದನ್ನು ಸಮರ್ಥಿಸಲು ಬಂದಿಲ್ಲ. ಯಾಕೆ ಮಾಡಿದೆ ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ನನ್ನ ಮಗ ಒಂದು ಭೇಟಿ ಮುಗಿಸಿ ಬಂದು ರಾತ್ರಿ ಮಲಗುವಾಗ ಕೇಳಿದ, "ಅಮ್ಮಾ, ನೀನು ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಅಪ್ಪ ಇರುತ್ತಿದ್ದರಾ?" ಆರು ವರ್ಷದ ಮಗು ಅದನ್ನು ತಾನಾಗಿ ಯೋಚಿಸುವುದಿಲ್ಲ. ಅಲ್ಲಿ ಯಾರೋ ಯಾರ ಹತ್ತಿರವೋ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು. ಆ ರಾತ್ರಿ ತೀರ್ಮಾನ ಮಾಡಿದೆ, ಇನ್ನು ಕಳಿಸುವುದಿಲ್ಲ, ಕೋರ್ಟ್ ಏನು ಬೇಕಾದರೂ ಮಾಡಲಿ ಅಂತ. ಜ್ವರ, ಪರೀಕ್ಷೆ ಎಲ್ಲ ನಾನೂ ಹೇಳಿದ್ದೇನೆ. ನಿಜವಾದ ಕಾರಣವನ್ನು ಯಾರಿಗೂ ಹೇಳಲಿಲ್ಲ, ಹೇಳಲು ಬಾಯಿ ಬರಲಿಲ್ಲ.

ಅವರು ನನ್ನ ಮೇಲೆ ಅರ್ಜಿ ಹಾಕಿದರು. ನೋಟಿಸ್ ಬಂದಾಗ ಹೆದರಿದ್ದು ನಿಜ. ಮನಸ್ಸು ಇನ್ನೂ ಗಟ್ಟಿ ಆದದ್ದೂ ನಿಜ. ಕೋರ್ಟ್ ಸಂಧಾನಕ್ಕೆ ಕಳಿಸಿತು. ಅಲ್ಲಿ ಮೊದಲ ಬಾರಿಗೆ ಆ ಮಾತು ಬಾಯಿಬಿಟ್ಟು ಹೇಳಿದೆ. ಅತ್ತೆಗೆ ಗೊತ್ತೇ ಇರಲಿಲ್ಲ. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಬಹಳ ಹೊತ್ತು ಸುಮ್ಮನೆ ಕೂತು, "ಅವನು ಈಗಲೂ ಬಲಗಡೆ ತಿರುಗಿಕೊಂಡೇ ಮಲಗುತ್ತಾನಾ?" ಅಂತ ಕೇಳಿದರು. ನನ್ನ ಗಂಡ ಹಾಗೆ ಮಲಗುತ್ತಿದ್ದ. ನನಗೆ ಆಮೇಲೆ ಜಗಳ ಆಡಲು ಆಗಲಿಲ್ಲ.

ಈಗಲೂ ನಾವು ಆತ್ಮೀಯರೇನಲ್ಲ. ಮನೆ ಬಾಗಿಲಲ್ಲಿ ಒಪ್ಪಿಸುವುದು ಬೇಡ ಅಂತ ಬರೆಸಿಕೊಂಡೆವು. ಅವನ ಚಿತ್ರಕಲೆ ತರಗತಿ ಮುಗಿದ ಮೇಲೆ ಅವರು ಅಲ್ಲಿಂದಲೇ ಕರೆದುಕೊಂಡು ಹೋಗುತ್ತಾರೆ, ಸಂಜೆ ನನ್ನ ತಂಗಿ ಹೋಗಿ ಕರೆತರುತ್ತಾಳೆ. ಇಬ್ಬರೂ ಮುಖಾಮುಖಿ ಆಗುವ ಅಗತ್ಯವೇ ಇಲ್ಲ. ಅವನ ಎದುರಿಗೆ ಅವನ ಅಪ್ಪನ ಸಾವಿನ ಮಾತು, ದುಡ್ಡಿನ ಮಾತು, ನನ್ನ ಮಾತು ಆಡುವಂತಿಲ್ಲ ಅಂತಲೂ ಒಂದು ಸಾಲಿದೆ. ನನಗೂ ಅದೇ ಸಾಲು ಅನ್ವಯ, ನಾನೂ ಅವರ ಬಗ್ಗೆ ಕೆಟ್ಟದ್ದು ಆಡುವಂತಿಲ್ಲ.

ಹಳೆಗಡಿಯಾರ ಅವರೇ, ನಿಮ್ಮ ಮೇಲೆ ಅನುಮಾನ ಪಟ್ಟು ಕೇಳುತ್ತಿಲ್ಲ. ಮೊದಲ ಎರಡು ತಿಂಗಳು ಚೆನ್ನಾಗಿ ನಡೆದದ್ದು ಮೂರನೇ ತಿಂಗಳು ಯಾಕೆ ಕೆಟ್ಟಿತು? ಆ ಕೊನೆಯ ಒಳ್ಳೆಯ ಭಾನುವಾರ ಏನು ನಡೆಯಿತು ಅಂತ ಒಮ್ಮೆ ಮನೆಯವರ ಜೊತೆ ಕೂತು ನೆನಪು ಮಾಡಿಕೊಳ್ಳಿ.

ಹಳೆಗಡಿಯಾರ:

ಮೂರು ವಾರ ಆಯಿತು, ಉತ್ತರಿಸದಿದ್ದಕ್ಕೆ ಕ್ಷಮಿಸಿ. ಸಂಜೆಮಲ್ಲಿಗೆ ಅವರ ಪ್ರಶ್ನೆಯನ್ನು ಓದಿ ಹೆಂಡತಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, ಆ ಭಾನುವಾರ ನನ್ನ ತಮ್ಮ ಬಂದಿದ್ದ. ಹಾಲ್‌ನಲ್ಲಿ ಕೂತು ಇನ್ಶೂರೆನ್ಸ್ ದುಡ್ಡಿನ ಬಗ್ಗೆ ಜೋರಾಗಿ ಮಾತಾಡಿದ್ದ, "ಅವಳು ಎಲ್ಲ ಬಾಚಿಕೊಂಡಳು" ಅಂದಿದ್ದ. ಮಗು ಪಕ್ಕದ ಕೋಣೆಯಲ್ಲಿ ಚಿತ್ರ ಬಿಡಿಸುತ್ತಿತ್ತು. ನನಗೆ ನೆನಪೇ ಇರಲಿಲ್ಲ. ಅದೇ ಕಾರಣ ಅಂತ ಖಚಿತವಾಗಿ ಹೇಳಲಾರೆ, ಆದರೆ ಇರಬಹುದು.

ನೋಟ್‌ಬುಕ್ ಶುರು ಮಾಡಿದ್ದೇವೆ. ಶುಕ್ರವಾರದ ಮೆಸೇಜೂ ಹೋಗುತ್ತಿದೆ. ವಕೀಲರನ್ನು ಕಂಡು ಕಲ್ಲುಬೆಂಚು ಅವರು ಹೇಳಿದ ಹಾಗೆ ತಡ ಮಾಡದೆ ಅರ್ಜಿ ಹಾಕಿಸಿದೆವು. ಕಂಟೆಂಪ್ಟ್ ಅಲ್ಲ. ಆದೇಶ ಜಾರಿ ಮಾಡಿಸಿ, ಏಳು ದಿನಕ್ಕೆ ಬದಲು ದಿನ ಕೊಡಿಸಿ, ಭಾನುವಾರ ಯಾವುದು, ಎಲ್ಲಿ ಒಪ್ಪಿಸುವುದು, ವಿಡಿಯೊ ಕಾಲಿನಲ್ಲಿ ಮಗುವಿನ ಮುಖ ಕಾಣಬೇಕು, ಇಷ್ಟನ್ನು ಬರೆದುಕೊಡಿ ಅಂತ. ಸಂಧಾನಕ್ಕೆ ನಾವು ಸಿದ್ಧ ಅಂತಲೂ ಅದರಲ್ಲೇ ಬರೆಸಿದೆವು. ಜೊತೆಗೆ ಸೊಸೆಗೆ ಒಂದು ಚಿಕ್ಕ ಪತ್ರ ಬರೆದೆ. ವಕೀಲರಿಗೆ ತೋರಿಸಿಯೇ ಕಳಿಸಿದ್ದು. ನನ್ನ ತಮ್ಮ ಆಡಿದ ಮಾತು ತಪ್ಪು, ಅದು ಮಗುವಿನ ಕಿವಿಗೆ ಬಿದ್ದಿದ್ದರೆ ನಾನು ಕ್ಷಮೆ ಕೇಳುತ್ತೇನೆ, ಇನ್ನು ಭೇಟಿಯ ದಿನ ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ ಅಂತ. ಭೇಟಿಯ ಮಾತು ಎತ್ತಲಿಲ್ಲ, ಕೇಸಿನ ಮಾತೂ ಎತ್ತಲಿಲ್ಲ.

ಪತ್ರಕ್ಕೆ ಉತ್ತರ ಬಂದಿಲ್ಲ. ಆದರೆ ಮೊನ್ನೆ ಬುಧವಾರ ಫೋನ್ ನೆಟ್ಟಗೆ ಇತ್ತು. ಹನ್ನೊಂದು ನಿಮಿಷ. ಮುಂದಿನ ಹಲ್ಲು ಬಿದ್ದಿದೆ, ಆ ಸಂದಿಯಲ್ಲಿ ನಾಲಿಗೆ ತೂರಿಸಿ ತೋರಿಸಿದಳು. ಇವಳು ಪೆನ್ಸಿಲ್ ಡಬ್ಬಿಯನ್ನು ಕ್ಯಾಮೆರಾ ಮುಂದೆ ಹಿಡಿದು ಒಂದೊಂದೇ ಬಣ್ಣ ತೋರಿಸಿದಳು.

ಸಂಧಾನಕ್ಕೆ ಮುಂದಿನ ತಿಂಗಳು ತಾರೀಖು ಕೊಟ್ಟಿದ್ದಾರೆ. ವಕೀಲರನ್ನು ಒಂದು ಕೇಳಬೇಕು, ಕಪ್ಪುಕೋಟು ಸರ್. ಅಲ್ಲಿ ಇಬ್ಬರೂ ಏನಾದರೂ ಒಪ್ಪಿಕೊಂಡರೆ ಅದು ಬಾಯಿಮಾತಿನಲ್ಲಿ ಇದ್ದರೆ ಸಾಕಾ? ಇನ್ನೂ ಕಾಗದ, ಸಹಿ ಅಂತ ಎಳೆದರೆ ಅವಳಿಗೆ ಮತ್ತೆ ಬೇಜಾರಾಗಬಹುದು ಅಂತ ಹೆದರಿಕೆ.

ಕಪ್ಪುಕೋಟು:

ಸಾಕಾಗುವುದಿಲ್ಲ ಸರ್. ಬಾಯಿಮಾತಿನಿಂದ ಕೋರ್ಟಿನ ಆದೇಶ ಬದಲಾಗುವುದಿಲ್ಲ. ನಾಳೆ ಮನಸ್ತಾಪ ಬಂದರೆ ಇಬ್ಬರೂ ಹಳೆಯ ಆದೇಶವನ್ನೇ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ, ಹೊಸದಾಗಿ ಒಪ್ಪಿದ್ದು ಯಾರಿಗೂ ಸಿಗುವುದಿಲ್ಲ. ಒಪ್ಪಂದ ಬರೆಸಿ, ಇಬ್ಬರೂ ಸಹಿ ಹಾಕಿ, ಕೋರ್ಟಿಗೆ ಕೊಟ್ಟು ಅದನ್ನೇ ಆದೇಶ ಮಾಡಿಸಿಕೊಳ್ಳಿ. ಸೊಸೆಗೆ ಬೇಜಾರಾಗುತ್ತದೆ ಅನ್ನುವ ಹೆದರಿಕೆ ಬೇಡ. ಬರವಣಿಗೆ ಅವರನ್ನೂ ಕಾಪಾಡುತ್ತದೆ, ಮಗುವಿನ ಎದುರಿಗೆ ದುಡ್ಡಿನ ಮಾತು ಬೇಡ ಅನ್ನುವ ಸಾಲನ್ನು ನೀವೇ ಮುಂದೆ ಬಂದು ಸೇರಿಸಿ ಅಂದರೆ ಅವರಿಗೂ ಅದು ಕಾಣುತ್ತದೆ.

ಏಳು ದಿನವನ್ನೂ ಒಟ್ಟಿಗೆ ಕೇಳಬೇಡಿ, ಮಗುವಿಗೆ ಭಾರ ಆಗುತ್ತದೆ. ತಿಂಗಳಿಗೆ ಒಂದು ದಿನ ಹೆಚ್ಚುವರಿ ಅಂತ ಹಂಚಿಕೊಳ್ಳಿ. ಸಹಿ ಮಾಡುವ ಮೊದಲು ಶಾಲೆಯ ರಜೆ ದಿನಗಳ ಬಗ್ಗೆ ಸಾಲು ಇದೆಯಾ ನೋಡಿ. ಎಲ್ಲರೂ ಮರೆಯುವುದು ಅದನ್ನೇ.